ಮೊದಲಿಯಾರ್ ಮೇಷ್ಟ್ರ ವಿಕೆಟ್ಟು

ಇದು ನಡೆದಿದ್ದು. ಕಪಿಲೆ ಹೊಳೆ ನೀರು ಮುಟ್ಟಿ ಹೇಳ್ತೀನಿ, ಒಂದಕ್ಷರಾನೂ ಕಟ್ಟಿದ್ದಲ್ಲ. ಈ ದಂಡೇಲಿ ಆಡಿದ ಆಟಾನ ನನ್ನಷ್ಟು ನೋಡ್ದೋನು ಇನ್ನೊಬ್ಬ ಹುಟ್ಟಿಲ್ಲ, ಹುಟ್ಟೋದೂ ಇಲ್ಲ. ಸುಳ್ಳು ಅನ್ನೋನು ಎದುರಿಗೆ ಬಂದು ಅನ್ಲಿ.

ಹೊಳೆದಂಡೆ ಮೈದಾನದಲ್ಲಿ ಮೊದಲಿಯಾರ್ ಮೇಷ್ಟ್ರು ಅಂತ ಒಬ್ಬರಿದ್ರು. ಹುಡುಗರಿಗೆ ಕ್ರಿಕೆಟ್ ಹೇಳಿಕೊಡೋರು. ಕಾಸು ತಗೋತಿರಲಿಲ್ಲ. ಬೈಗುಳ ಮಾತ್ರ ಬೇಕಾದಷ್ಟು ಕೊಡೋರು.

ಅವರ ಶಿಷ್ಯ ಕೆಂಪರಾಜು. ಸ್ಪಿನ್ ಬೌಲರು. ಆ ವರ್ಷ ಲೀಗಿನಲ್ಲಿ ಎಂಬತ್ನಾಲ್ಕು ವಿಕೆಟ್ ಕಿತ್ತಿದ್ದ. ಬಾಲ್ ತಿರುಗಿಸಿ ತಿರುಗಿಸಿ ಬೆರಳಿನ ಚರ್ಮ ಸೀಳಿಹೋಗಿ, ಅನ್ನ ಕಲಸೋಕೂ ಆಗದೆ ಎಡಗೈಲಿ ಚಮಚ ಹಿಡ್ಕೊಂಡು ಉಂಡಿದ್ದ.

ಅವನಿಗೂ ಮುಂಚೆ ಆ ಕ್ಲಬ್ಬಲ್ಲಿ ಒಂದೇ ಸೀಜನ್ನಿಗೆ ಹತ್ರ ಹತ್ರ ಅಷ್ಟು ಕಿತ್ತೋನು ಒಬ್ಬನೇ, ಚೆಲುವಯ್ಯ. ನಲವತ್ತು ವರ್ಷದ ಹಿಂದೆ, ಎಂಬತ್ತೊಂದು. ಪೆವಿಲಿಯನ್ ಗೋಡೆ ಮೇಲೆ ಬರೆದಿರೋ ಹೆಸರುಗಳಲ್ಲಿ ಎಲ್ಲಾದಕ್ಕಿಂತ ಮೇಲೆ ಅವನದೇ ಇತ್ತು.

ಗೋಡೆಗೆ ಹೊಸ ಬಣ್ಣ ಹೊಡೆಯೋ ಕಾಲ ಬಂತು. ಮೇಲಿನ ಸಾಲಿಗೆ ಯಾರ ಹೆಸರು ಅಂತ ಜಗಳ ಹತ್ಕೊಂತು.

ಹಳಬರು ಚೆಲುವಯ್ಯನ್ನ ಬಿಟ್ಟುಕೊಡಲಿಲ್ಲ. ಆವಾಗ ಇಡೀ ಮ್ಯಾಚಿಗೆ ಒಂದೇ ಬಾಲು, ಕೊಳೆತ ನಿಂಬೆಹಣ್ಣಿನಂಗೆ ಮೆತ್ತಗಾದ್ರೂ ಅದೇ ಬಾಲು ಅಂದ್ರು. ಕಾಲಿಗೆ ಬಡಿದ್ರೆ ಅಂಪೈರು ಕೈ ಎತ್ತುತಿರಲಿಲ್ಲ ಅಂದ್ರು. ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಕಡೆಯಿಂದ ಅವನೊಬ್ಬನೇ ಹಾಕ್ತಿದ್ದ ಅಂದ್ರು.

ಹುಡುಗರು ನಕ್ರು. ಆವಾಗ ಆಡ್ತಿದ್ದಿದ್ದು ತೆಂಗಿನ ನಾರಿನ ಮ್ಯಾಟ್ ಮೇಲೆ, ಅದರ ಮೇಲೆ ನಮ್ಮಜ್ಜಿ ಹಾಕಿದ್ರೂ ಬಾಲ್ ತಿರುಗ್ತದೆ. ಈಗ ಹುಲ್ಲಿನ ಪಿಚ್ಚು, ಒನಕೆ ಗಾತ್ರದ ಬ್ಯಾಟು, ಕೈಗೆಟುಕೋ ಬೌಂಡ್ರಿ. ಸಾಲದ್ದಕ್ಕೆ ಎಂಬತ್ತೊಂದಕ್ಕಿಂತ ಎಂಬತ್ನಾಲ್ಕು ದೊಡ್ಡದು ಅಂತ ಮಗ್ಗಿ ಕಲಿತ ಕೂಸಿಗೂ ಗೊತ್ತು.

ಕೆಂಪರಾಜು ಮೂಲೇಲಿ ನಿಂತು ಎಲ್ಲಾ ಕೇಳಿಸ್ಕೊಂಡ. ಮೈ ಉರಿದುಹೋಯ್ತು. ಒಬ್ಬನಾದ್ರೂ ಬಂದು ಚೆನ್ನಾಗಿ ಆಡ್ದೆ ಕಣಪ್ಪ ಅನ್ನಲಿಲ್ಲ. ಎಲ್ಲಾರಿಗೂ ಬೇಕಾಗಿದ್ದು ತಕ್ಕಡಿ.

ಕ್ಲಬ್ಬಿನ ಕಾರ್ಯದರ್ಶಿ ನಂಜುಂಡಶೆಟ್ರು ಕೊನೆಗೆ ಒಂದು ದಾರಿ ಹೇಳಿದ್ರು. ಎರಡು ಕಾಲದ ಬೌಲಿಂಗನ್ನೂ ಮೈದಾನದೊಳಗೇ ನಿಂತು ಕಂಡೋರು ಮೊದಲಿಯಾರ್ ಮೇಷ್ಟ್ರೊಬ್ರೇ. ಅವರು ಯಾರ ಹೆಸರು ಹೇಳ್ತಾರೋ ಅದನ್ನೇ ಬರೆಸೋಣ.

ಕೆಂಪರಾಜು ದಡದಡ ಹೊಳೆ ಮೆಟ್ಟಿಲಿಗೆ ಬಂದ. ಮೇಷ್ಟ್ರು ಅಲ್ಲಿ ಕೂತು ಬ್ಯಾಟಿಗೆ ಅಗಸೆ ಎಣ್ಣೆ ತಿಕ್ತಿದ್ರು.

"ಸಾ, ನಾನು ದೊಡ್ಡೋನಾ, ಚೆಲುವಯ್ಯನೋರು ದೊಡ್ಡೋರಾ?"

ಮೇಷ್ಟ್ರು ತಲೆ ಎತ್ತಲಿಲ್ಲ.

"ಈ ವರ್ಷ ನಿನ್ನ ಕೈಗೆ ಸಿಗದೆ ಹೋದೋನು ಯಾರು?"

"ಯಾರೂ ಇಲ್ಲ ಸಾ. ಎದುರಿಗೆ ಬಂದೋರ್ನೆಲ್ಲಾ ಒಂದಲ್ಲ ಒಂದು ಸಲ ಔಟ್ ಮಾಡಿದೀನಿ."

"ಹಂಗಾದ್ರೆ ನಿನ್ನ ಸೀಜನ್ ಇನ್ನೂ ಶುರುವಾಗಿಲ್ಲ. ಹೋಗು."

ಕೆಂಪರಾಜು ಹೋದ. ಮನೆಗಲ್ಲ, ನೆಟ್ಟಗೆ ಚೆಲುವಯ್ಯನ ಮನೆಗೆ.

ಚೆಲುವಯ್ಯ ರೈಲ್ವೆ ಗ್ಯಾಂಗಿನಲ್ಲಿ ದುಡಿದು ರಿಟೈರ್ ಆದೋನು. ಸೊಂಟ ಸೊಟ್ಟಗಾಗಿತ್ತು, ಆದ್ರೂ ಅಂಗಳದಲ್ಲಿ ಸೌದೆ ಒಡೀತಿದ್ದ. ಎಂಬತ್ತೊಂದು ವಿಕೆಟ್ ಮಾತೆತ್ತಿದ್ರೆ, ಎಂಬತ್ತೋ ತೊಂಬತ್ತೋ, ಯಾವನೋ ಕೂತು ಬರ್ಕೊಂಡ, ನಾನೇನು ಅಂಗಡಿ ಇಟ್ಟಿದ್ನಾ ಎಣಿಸೋಕೆ ಅಂದ.

ಕೆಂಪರಾಜುಗೆ ಮೇಷ್ಟ್ರ ಮಾತು ಹಲ್ಲಿಗೆ ಸಿಕ್ಕ ನಾರಿನಂಗೆ ಕಾಡ್ತಿತ್ತು. ಅದನ್ನೇ ಕೇಳ್ದ.

"ತಾತ, ಆ ವರ್ಷ ನಿಮ್ಮ ಕೈಗೆ ಸಿಗದೆ ಹೋದೋನು ಯಾರಾದ್ರೂ ಇದ್ರಾ?"

ಎತ್ತಿದ ಕೊಡಲಿ ಹಂಗೇ ನಿಂತುಬಿಡ್ತು.

ಆಮೇಲೆ ಚೆಲುವಯ್ಯ ಶುರು ಹಚ್ಕೊಂಡ ನೋಡಿ. ಒಂದೊಂದು ಬಾಲೂ ಹೇಳ್ದ. ಇಂಥದ್ದು ಒಳಕ್ಕೆ ತಿರುಗ್ತು, ಪ್ಯಾಡ್ ಮುಂದಿಟ್ಟ. ಇಂಥದ್ದು ಎಗರ್ತು, ಬ್ಯಾಟು ಹಿಂದಕ್ಕೆಳ್ಕೊಂಡ. ನಲವತ್ತು ವರ್ಷದ ಹಿಂದಿನ ಸಿಟ್ಟು, ಇವತ್ತು ಬೆಳಗ್ಗೆ ಹೆಪ್ಪು ಹಾಕಿದಂಗಿತ್ತು.

"ಯಾರು ತಾತ ಅದು?"

"ಇನ್ಯಾರು, ನಿಮ್ಮ ಮೇಷ್ಟ್ರು. ಆವಾಗ ಎದುರು ಕ್ಲಬ್ಬಲ್ಲಿ ಆಡ್ತಿದ್ದ. ಹೊಡೆಯೋನೂ ಅಲ್ಲ, ಹೋಗೋನೂ ಅಲ್ಲ, ಕಲ್ಲುಕಂಬ. ಈಗಲೂ ನಿದ್ದೇಲಿ ಅವನಿಗೇ ಬೌಲಿಂಗ್ ಹಾಕ್ತೀನಿ. ಅಲ್ಲೂ ಔಟಾಗಲ್ಲ ಬಡ್ಡೀಮಗ."

ಕೆಂಪರಾಜು ತಲೇಲಿ ದೀಪ ಹತ್ತಿದಂಗಾಯ್ತು. ಕಾಲ ಬೇರೆ, ಪಿಚ್ಚು ಬೇರೆ, ಬಾಲು ಬೇರೆ, ನಿಜ. ಆದ್ರೆ ಒಬ್ಬ ಮನುಷ್ಯ ಎರಡು ಕಾಲಕ್ಕೂ ಇದ್ದಾನಲ್ಲ. ಚೆಲುವಯ್ಯನ ಕೈಲಾಗದೋನ್ನ ನಾನು ಔಟ್ ಮಾಡಿದ್ರೆ ಮುಗೀತು ಜಗಳ.

ಬಂದು ಮೇಷ್ಟ್ರಿಗೆ ಅದನ್ನೇ ಹೇಳ್ದ. ಅದೇ ಹಳೇ ಮ್ಯಾಟ್ ಹಾಸ್ತೀನಿ, ನೀವು ಬ್ಯಾಟ್ ಹಿಡೀರಿ ಅಂದ.

ನಂಜುಂಡಶೆಟ್ರು ಅಲ್ಲೇ ಇದ್ರು. ಮೇಷ್ಟ್ರಿಗೆ ಅರವತ್ತಾರಾಯ್ತಲ್ಲಪ್ಪ, ಆವತ್ತಿನ ಮನುಷ್ಯ ಇವತ್ತೆಲ್ಲಿದ್ದಾರೆ, ಮಂಡಿ ಬೇರೆ ಹೋಗಿದೆ ಅಂದ್ರು.

ಮೇಷ್ಟ್ರಿಗೆ ಅದು ಚುಚ್ತು. ಎಣ್ಣೆ ಬಟ್ಟೆ ಎತ್ತಿ ಹೊಳೆಗೆ ಎಸೆದ್ರು.

"ಓಡೋಕೆ ಮಂಡಿ ಬೇಕು ಶೆಟ್ರೇ. ನಿಂತ್ಕೊಳ್ಳೋಕೆ ಹಟ ಸಾಕು. ಭಾನುವಾರ ಬನ್ನಿ. ನನ್ನ ಔಟ್ ಮಾಡ್ದೋನಿಗೆ ನನ್ನ ಜೇಬಲ್ಲಿರೋದೆಲ್ಲಾ. ಬದುಕಿರೋನು ಯಾವನಾದ್ರೂ ಸರಿ."

ಭಾನುವಾರ ಬೆಳಗ್ಗೆ ಶೆಡ್ಡಿನಿಂದ ಮ್ಯಾಟ್ ಎಳೆದ್ರು. ಅದರೊಳಗಿಂದ ಎರಡು ಚೇಳು ಬಿದ್ವು. ಹಾಸಿ, ನೀರು ಚಿಮುಕಿಸಿ, ನಾಲ್ಕು ಕಡೆಯಿಂದ ಜಗ್ಗಿ ಮೊಳೆ ಹೊಡೆದ್ರು. ನಂಜುಂಡಶೆಟ್ರು ಅಂಪೈರ್ ಆಗಿ ನಿಂತ್ರು. ಮ್ಯಾಟೂ ಹಳೇದು, ಲೆಕ್ಕಾನೂ ಹಳೇದೇ, ಕಾಲಿಗೆ ಬಡಿದ್ರೆ ಔಟಿಲ್ಲ ಅಂತ ಮೊದಲೇ ಹೇಳಿದ್ರು.

ಚೆಲುವಯ್ಯನೂ ಬಂದ. ಹೊಂಗೆ ಮರದ ಕೆಳಗೆ ಬೇರೆ ಕಡೆ ಮುಖ ಮಾಡ್ಕೊಂಡು ಕೂತ. ಈ ಹುಡುಗ ಔಟ್ ಮಾಡಿದ್ರೆ ತನ್ನ ಹೊಟ್ಟೆ ಉರೀತದೆ, ಮಾಡದೇ ಹೋದ್ರೆ ಆ ಮೊದಲಿಯಾರ್ ಮೆರೀತಾನೆ. ಅವನಿಗೆ ಎರಡೂ ಬೇಕಾಗಿರಲಿಲ್ಲ.

ಕೆಂಪರಾಜು ಹಾಕೋಕೆ ಶುರು ಮಾಡ್ದ. ಜೋರಾಗಿ, ನೆಲಕ್ಕೆ ತಗ್ಗಿಸಿ, ಸ್ಟಂಪಿಗೆ ಗುರಿ ಇಟ್ಟು. ಇದೇ ಬಾಲಲ್ಲಿ ಲೀಗಿನೋರ್ನೆಲ್ಲಾ ಮಲಗಿಸಿದ್ದ.

ಮೇಷ್ಟ್ರು ಎಡಗಾಲು ಮುಂದಿಟ್ರು. ಪ್ಯಾಡಿಗೆ ಟಪ್ ಅಂತು. ಮತ್ತೆ ಹಾಕ್ದ. ಮತ್ತೆ ಟಪ್.

ಹತ್ತು ಓವರಾಯ್ತು. ಇಪ್ಪತ್ತಾಯ್ತು. ಬಿಸಿಲು ನೆತ್ತಿಗೆ ಬಂತು. ನೋಡೋಕೆ ಬಂದೋರು ಕಡ್ಲೆಕಾಯಿ ತಿಂದು ಸಿಪ್ಪೆ ಗುಡ್ಡೆ ಹಾಕಿದ್ರು. ಮೇಷ್ಟ್ರು ಅಲ್ಲಾಡಲಿಲ್ಲ. ಎರಡು ಬಾಲಿನ ಮಧ್ಯೆ ಮ್ಯಾಟ್ ಮೇಲಿನ ನಾರನ್ನ ಬ್ಯಾಟಲ್ಲಿ ತಟ್ಟಿ ಸರಿಮಾಡೋರು, ಮನೆ ಚಾಪೆ ಸರಿಮಾಡ್ದಂಗೆ.

ಕೆಂಪರಾಜುಗೆ ತಡ್ಕೊಳ್ಳೋಕಾಗಲಿಲ್ಲ. ಬಾಲನ್ನ ಮ್ಯಾಟಿಗೆ ಕುಕ್ಕಿದ.

"ಹೊಡೀರಿ ಸಾ. ಒಂದಾದ್ರೂ ಹೊಡೀರಿ. ಇದೇನು ಆಟಾನಾ?"

"ಹೊಡೆಯೋರು ಎಂಬತ್ನಾಲ್ಕು ಜನ ಸಿಕ್ಕಿದ್ರಲ್ಲಪ್ಪ ನಿನಗೆ. ಸಾಲದಾ?"

ಸುತ್ತ ಇದ್ದೋರು ಗೊಳ್ಳಂದ್ರು. ಪೆವಿಲಿಯನ್ ಗೋಡೆ ಹತ್ರ ಹೆಸರು ಬರೆಯೋಕೆ ಕಾಯ್ತಿದ್ದ ಪೇಂಟರು ಬ್ರಷ್ ಅದ್ದಿಕೊಂಡು, ಹಳೇ ಹೆಸರೇ ಬರೀಲಾ ಅಂತ ದೂರದಿಂದ ಕೇಳ್ದ. ಕೆಂಪರಾಜು ಬೆರಳು ಮತ್ತೆ ಸೀಳಿ ರಕ್ತ ಬರ್ತಿತ್ತು. ಅದನ್ನ ಪ್ಯಾಂಟಿಗೆ ಒರೆಸ್ಕೊಂಡು ಇನ್ನೂ ಜೋರಾಗಿ ಹಾಕ್ದ. ಟಪ್.

ಆವಾಗ ಹೊಂಗೆ ಮರದ ಕೆಳಗಿಂದ ಚೆಲುವಯ್ಯ ಎದ್ದ. ಬಾಯಲ್ಲಿದ್ದ ಎಲೆಅಡಿಕೆ ಉಗಿದ. ಕುಂಟ್ಕೊಂಡು ಮ್ಯಾಟ್ ಹತ್ರ ಬಂದ.

ಕೆಂಪರಾಜು ಬಾಲನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡ.

ನಿನ್ನ ಬಾಲು ಯಾವನಿಗೆ ಬೇಕೋ ಅಂದ ಚೆಲುವಯ್ಯ. ನೆಟ್ಟಗೆ ಹೋಗಿ ಮೇಷ್ಟ್ರ ಬ್ಯಾಟಿನ ಮುಂದೆ, ಒಂದು ಮಾರು ದೂರದಲ್ಲಿ, ಕ್ಯಾಚ್ ಹಿಡಿಯೋಕೆ ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತ.

"ದೂರ ಹೋಗಯ್ಯ ಚೆಲುವ, ಹಲ್ಲು ಉದುರ್ತವೆ," ಅಂದ್ರು ಮೇಷ್ಟ್ರು.

"ಉದುರೋಕೆ ಉಳಿದಿದ್ರೆ ತಾನೇ."

ಆಮೇಲೆ ಕೆಂಪರಾಜು ಕಡೆ ತಿರುಗಿ ಬೈಯೋಕೆ ಶುರು ಮಾಡ್ದ. ಬೆಳಗ್ಗೆಯಿಂದ ನೋಡ್ತಿದೀನಿ, ಕಲ್ಲು ಎಸೆದಂಗೆ ಎಸೀತಿದೀಯಾ. ಬಾಲು ಗಾಳೀಲಿ ಬಿಡೋಕೆ ನಿನಗೆ ಭಯ, ಹೊಡೆದುಬಿಡ್ತಾನೆ ಅನ್ನೋ ಭಯ. ಅವನು ಹೊಡೆಯೋ ಜಾತಿ ಅಲ್ಲ ಕಣಲೇ. ಮೇಲಕ್ಕೆ ಬಿಡು, ನಿಧಾನಕ್ಕೆ ಬಿಡು, ಮ್ಯಾಟು ಎಗರಿಸ್ತದೆ.

ಕೆಂಪರಾಜುಗೂ ರೇಗಿಹೋಯ್ತು.

"ಅಷ್ಟು ಗೊತ್ತಿದ್ರೆ ಆವಾಗ ನೀವ್ಯಾಕೆ ಮಾಡ್ಲಿಲ್ಲ ತಾತ?"

"ಮಾಡ್ದೆ. ಇಲ್ಲಿ ಬಂದು ನಿಂತ್ಕೊಳ್ಳೋ ಗಂಡಸು ಒಬ್ಬನೂ ಇರಲಿಲ್ಲ."

ಕೆಂಪರಾಜು ಹಿಂದಕ್ಕೆ ನಡೆದ. ಬಾಲನ್ನ ಮೇಲಕ್ಕೆ ಬಿಟ್ಟ.

ಮೊದಲನೇದು ಜಾಸ್ತಿ ಮೇಲೆ ಹೋಗಿ ಸತ್ತುಬಿತ್ತು. ಮೇಷ್ಟ್ರು ಪ್ಯಾಡಲ್ಲಿ ಒತ್ತಿದ್ರು. ಎರಡನೇದು ಬ್ಯಾಟಿಗೆ ಸಿಗದೆ ಹಿಂದಕ್ಕೆ ಹೋಯ್ತು. ಚೆಲುವಯ್ಯ, ಇನ್ನೂ ನಿಧಾನ ಅಂತ ಗೊಣಗಿದ. ಮೇಷ್ಟ್ರು ಮೊದಲನೇ ಸಲ ಹಣೆ ಬೆವರು ಒರೆಸ್ಕೊಂಡ್ರು.

ಮೂರನೇದು ಗಾಳೀಲಿ ಒಂದು ಗಳಿಗೆ ನಿಂತಂಗಾಯ್ತು. ಮೇಷ್ಟ್ರು ಕಾಲು ಮುಂದಿಟ್ರು. ಬಾಲು ಅವರು ಅಂದ್ಕೊಂಡಿದ್ದಕ್ಕಿಂತ ಗೇಣುದ್ದ ಮುಂಚೆಯೇ ಬಿತ್ತು. ನಾರಿನ ಮ್ಯಾಟು ಅದನ್ನ ಹಾವು ಹೆಡೆ ಎತ್ದಂಗೆ ಎತ್ತಿಬಿಡ್ತು.

ಏನೋ ಒಂದು ಸಣ್ಣ ಸದ್ದು. ಚೆಲುವಯ್ಯ ಮುಂದಕ್ಕೆ ಬಿದ್ದ. ಸೊಂಟ, ಮೊಣಕೈ, ಗದ್ದ, ಎಲ್ಲಾ ಮ್ಯಾಟಿಗೆ ಉಜ್ಜಿಹೋಯ್ತು. ಬಲಗೈ ಮಾತ್ರ ಮೇಲಿತ್ತು. ಮುಷ್ಟೀಲಿ ಬಾಲಿತ್ತು.

ಎಲ್ಲಾರೂ ಅಂಪೈರ್ ಕಡೆ ನೋಡಿದ್ರು. ಗ್ಲೌಸಿಗೆ ತಾಗಿತೋ ಪ್ಯಾಡಿಗೆ ತಾಗಿತೋ ನನಗೆ ಕಾಣಲಿಲ್ಲ ಅಂದ್ರು ನಂಜುಂಡಶೆಟ್ರು. ಕಾಣದೆ ಇದ್ರೆ ಔಟಿಲ್ಲ. ಬೆರಳು ಎತ್ತಲಿಲ್ಲ.

ಮೇಷ್ಟ್ರು ಯಾರನ್ನೂ ನೋಡಲಿಲ್ಲ. ಬ್ಯಾಟನ್ನ ಕಂಕುಳಿಗೆ ಇಟ್ಕೊಂಡ್ರು. ಗ್ಲೌಸು ಬಿಚ್ಚಿದ್ರು. ಹೆಬ್ಬೆರಳು ಊದಿತ್ತು. ಮ್ಯಾಟ್ ಬಿಟ್ಟು ಹೊರಟ್ರು.



ಕೆಂಪರಾಜು ಓಡಿಬಂದು ಚೆಲುವಯ್ಯನ ಮುಂದೆ ಕೈ ಚಾಚಿದ.

"ಬಾಲ್ ಕೊಡಿ ತಾತ. ನನ್ನ ವಿಕೆಟ್ಟು."

ಚೆಲುವಯ್ಯ ಮುಷ್ಟಿ ಎದೆಗೆ ಒತ್ಕೊಂಡ. ಗದ್ದ ಕಿತ್ತು ರಕ್ತ ಸುರೀತಿತ್ತು.

"ಬೆಳಗ್ಗೆಯಿಂದ ನಿನಗೆ ಬೇಕಾಗಿದೆ. ನನಗೆ ನಲವತ್ತು ವರ್ಷದಿಂದ ಬೇಕಾಗಿದೆ."

"ಹಾಕಿದ್ದು ನಾನು."

"ಹಾಕಿಸಿದ್ದು ಯಾರು?"

ಇಬ್ರೂ ಕಿತ್ತಾಡಿದ್ರು. ಬುಗುರಿಗೆ ಜಗಳ ಆಡೋ ಮಕ್ಕಳು ವಾಸಿ. ಕೆಂಪರಾಜು ಮುದುಕನ ಬೆರಳು ಬಿಡಿಸೋಕೆ ಹೋದ. ಒಂದು ಬೆರಳು ಬಿಡಿಸ್ದ. ಎರಡನೇ ಬೆರಳಿಗೆ ಕೈ ಹಾಕಿದಾಗ ಅದರ ತುದಿ ಕಣ್ಣಿಗೆ ಬಿತ್ತು. ತನ್ನದು ಎಲ್ಲಿ ಸೀಳಿತ್ತೋ ಅಲ್ಲೇ, ಅಷ್ಟುದ್ದಕ್ಕೇ, ಹಳೇ ಗಾಯದ ಕಲೆ. ಕಲ್ಲಿನಂಗೆ ಗಟ್ಟಿಯಾಗಿತ್ತು.

ಕೆಂಪರಾಜು ಕೈ ಬಿಟ್ಟ. ಸಿಟ್ಟು ಇಳಿದಿರಲಿಲ್ಲ, ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ದಾರಿ ಸಿಗಲಿಲ್ಲ ಅಷ್ಟೇ. ಮುದುಕನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸ್ದ. ಚೆಲುವಯ್ಯ ಅವನ ಭುಜ ಹಿಡ್ಕೊಂಡೇ ಇನ್ನೂ ಬೈತಿದ್ದ. ಬಾಲು ಕೊಡಲಿಲ್ಲ.

ಪೇಂಟರು ಮತ್ತೆ ಕೂಗ್ದ, ಬಣ್ಣ ಒಣಗ್ತಾ ಇದೆ ಅಂತ. ನಂಜುಂಡಶೆಟ್ರು ಮೇಷ್ಟ್ರ ಹಿಂದೆಯೇ ಪೆವಿಲಿಯನ್ ಮೆಟ್ಟಿಲವರೆಗೂ ಬಂದ್ರು. ಇಡೀ ಊರೇ ಅವರ ಹಿಂದೆ ಬಂತು.

"ಮೇಷ್ಟ್ರೇ, ಈಗಲಾದ್ರೂ ಹೇಳಿಬಿಡಿ. ಇಬ್ರಲ್ಲಿ ದೊಡ್ಡೋರು ಯಾರು?"

ಮೇಷ್ಟ್ರು ಪ್ಯಾಡ್ ಬಿಚ್ಚಿ ಗೋಡೆಗೆ ಬಿಸಾಡಿದ್ರು. ಜೇಬಿಗೆ ಕೈ ಹಾಕಿ, ಇದ್ದಿದ್ದನ್ನೆಲ್ಲಾ ತೆಗೆದು, ಮುದುರಿದ ನೋಟು ಒಂದೊಂದಾಗಿ ನೀವಿ, ಚಿಲ್ಲರೆ ಸಮೇತ ಮೆಟ್ಟಿಲ ಮೇಲೆ ಇಟ್ರು.

"ಗೆದ್ದೋರ ಲೆಕ್ಕ ಗೆದ್ದೋರೇ ಮಾಡ್ಕೊಳ್ಳಲಿ ಶೆಟ್ರೇ. ಸೋತೋನ ಲೆಕ್ಕ ಮಾತ್ರ ನನಗೆ ಗೊತ್ತು. ಮುನ್ನೂರ ಎಪ್ಪತ್ತೆರಡು ರೂಪಾಯಿ ಐವತ್ತು ಪೈಸೆ."