ಕಲ್ಲು ಬಿಟ್ಟ ಉಡ

ಹೊಳೆಯ ನಡುವಿನ ಬಂಡೆಯ ಮೇಲೆ ನೀರುಡವೊಂದು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದಾಗ ಹಠಾತ್ತನೆ ನೆರೆ ಬಂತು. ಉಡ ಉಗುರೂರಿ ಬಂಡೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ನೀರು ಕುತ್ತಿಗೆಗೆ ಬಂದರೂ ಬಿಡಲಿಲ್ಲ.

ಆ ದಾರಿಯಲ್ಲಿ ಈಜಿ ಬಂದ ನೀರುನಾಯಿ ಕೇಳಿತು: "ಉಡಣ್ಣ, ನಿನಗೆ ಈಜು ಬರುತ್ತದಲ್ಲವೇ?"

"ಬರುತ್ತದೆ. ಆದರೆ ಉಡದ ಪಟ್ಟು ಅಂದರೆ ಲೋಕಕ್ಕೆಲ್ಲ ಗೊತ್ತು. ಬಿಟ್ಟರೆ ಕುಲದ ಮಾನ ಹೋಗುತ್ತದೆ."

"ಹೋದ ಮಾನ ನಾಳೆ ತಿರುಗಿ ಬಂದೀತು. ನೀನು ಹೋದರೆ ತಿರುಗಿ ಬರುತ್ತೀಯಾ?"

ಉಡ ಯೋಚಿಸುವಷ್ಟರಲ್ಲಿ ನೀರು ಮೂಗಿಗೇರಿತು. ಅದು ಬಂಡೆಯನ್ನು ಬಿಟ್ಟು, ಬಾಲ ಬೀಸುತ್ತ ಸಲೀಸಾಗಿ ಈಜಿ ದಡ ಸೇರಿತು.

ಅಲ್ಲಿದ್ದ ಕಪ್ಪೆ ದೂರದಲ್ಲೇ ಕುಳಿತು ನಕ್ಕಿತು: "ಏನು ಮಾವ, ಪಟ್ಟು ಬಿಟ್ಟೆಯಾ?"

"ಇಲ್ಲಪ್ಪ," ಎಂದಿತು ಉಡ, ಮೈ ಒಣಗಿಸಿಕೊಳ್ಳುತ್ತ. "ಪಟ್ಟು ಹಾಗೇ ಇದೆ. ಕಲ್ಲು ಬಿಟ್ಟು ಜೀವ ಹಿಡಿದುಕೊಂಡೆ, ಅಷ್ಟೆ."