ಕಂಬದ ಮೇಲಿನ ಗೆರೆ

"ಬುದ್ಧಿ, ಚಿಕ್ಕಮಕ್ಕಳ ಪಾಠಶಾಲೆಯ ಕೋಣೆಗಳು ಇಪ್ಪತ್ತೈದು ವರ್ಷದಿಂದ ಖಾಲಿ ಬಿದ್ದಿವೆ. ಅವನ್ನು ಕೆಡವಿಸಿ ಅಲ್ಲಿ ಗ್ರಂಥಭಂಡಾರ ಕಟ್ಟಿಸೋಣವೇ?"

ಕೇಳಿದವನು ಮಠದ ವ್ಯವಹಾರ ನೋಡಿಕೊಳ್ಳುತ್ತಿದ್ದ ಶಿಷ್ಯ ಮುರಿಗೆಯ್ಯ. ಸ್ವಾಮಿಗಳ ಮುಂದೆ ನಿಂತು ಅವನು ಮುಂದುವರಿಸಿದ. "ಈಗಿರುವಂಥ ದೊಡ್ಡ ಪಂಡಿತರು ನಮ್ಮ ಮಠದಲ್ಲಿ ಹಿಂದೆ ಯಾವ ಕಾಲಕ್ಕೂ ಇರಲಿಲ್ಲ. ಅವರ ಪುಸ್ತಕಗಳಿಗೆ ಜಾಗ ಸಾಲುತ್ತಿಲ್ಲ."

"ಬೆಳಿಗ್ಗೆ ಒಬ್ಬ ಹೆಂಗಸು ಎರಡು ಮಕ್ಕಳನ್ನು ಕರೆದುಕೊಂಡು ಬಾಗಿಲಿಗೆ ಬಂದಿದ್ದಳು. ಏನು ಹೇಳಿ ಕಳಿಸಿದೆ?" ಎಂದರು ಸ್ವಾಮಿಗಳು.

"ಇಲ್ಲಿ ಅಕ್ಷರ ತಿದ್ದಿಸುವವರು ಯಾರೂ ಇಲ್ಲ, ಮಕ್ಕಳು ಓದಿ ದೊಡ್ಡವರಾದ ಮೇಲೆ ಕಳಿಸಮ್ಮ ಎಂದೆ."

ಸ್ವಾಮಿಗಳ ಮುಖ ಕೆಂಪಾಯಿತು.

"ಕೂತುಕೋ. ಕತೆ ಮುಗಿಯುವ ಮೊದಲು ಎದ್ದರೆ ನೋಡು ಮತ್ತೆ! ನಾವು ಮೀನು ಮುಟ್ಟುವವರಲ್ಲ, ನಿಜ. ಆದರೆ ನಿನಗೆ ಈಗ ಮೀನಿನ ಕತೆಯೇ ಬೇಕು."

ಹೀಗೆಂದು ಸ್ವಾಮಿಗಳು ಹೇಳತೊಡಗಿದರು.

ಒಂದು ದೊಡ್ಡ ಕೆರೆಯಿತ್ತು. ಅದರ ದಂಡೆಯಲ್ಲಿ ಬೆಸ್ತರ ಊರು. ನಲವತ್ತು ಮನೆ, ನಲವತ್ತು ಹರಿಗೋಲು. ಊಟ, ಬಟ್ಟೆ, ಮದುವೆ, ಹಬ್ಬ ಎಲ್ಲವೂ ಆ ನೀರಿನಿಂದಲೇ ಬರಬೇಕು. ಬೇರೆ ಕಸುಬು ಅವರಿಗೆ ಗೊತ್ತಿರಲಿಲ್ಲ.

ಆ ಊರಿನವರು ಎರಡು ಕಟ್ಟಳೆ ಇಟ್ಟುಕೊಂಡಿದ್ದರು. ಒಂದು, ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ತೂರಬೇಕು. ಅದಕ್ಕಿಂತ ಸಣ್ಣ ಕಣ್ಣಿನ ಬಲೆ ಬೀಸಿದವನನ್ನು ಊರು ಸೇರಿಸುತ್ತಿರಲಿಲ್ಲ. ಮರಿಗಳು ತಪ್ಪಿಸಿಕೊಂಡು ಹೋಗಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಒಳ್ಳೆಯದೇ. ಇನ್ನೊಂದು, ತೂಬಿನ ಹತ್ತಿರ ಒಂದು ಕಲ್ಲುಕಂಬ. ವರ್ಷಕ್ಕೊಮ್ಮೆ ಆ ವರ್ಷದ ಅತಿ ದೊಡ್ಡ ಮೀನನ್ನು ಬಾಲ ನೆಲಕ್ಕೆ ತಾಗುವಂತೆ ಕಂಬಕ್ಕೆ ಆನಿಸಿ ಹಿಡಿಯುತ್ತಿದ್ದರು. ಮೂತಿ ಮುಟ್ಟಿದ ಜಾಗದಲ್ಲಿ ಸುಣ್ಣದ ಗೆರೆ. ಹಿಡಿದವನಿಗೆ ರುಮಾಲು. ಗೆರೆ ಮೇಲೆ ಹೋದರೆ ಕೆರೆ ಚೆನ್ನಾಗಿದೆ ಎಂದು ಲೆಕ್ಕ. ಇದನ್ನು ಯಾವ ಹಿರಿಯ ಮಾಡಿದನೋ, ಯಾಕೆ ಮಾಡಿದನೋ, ಯಾರೂ ಕೇಳಲಿಲ್ಲ.

ಕೆರೆಗೆ ಹಳ್ಳ ಬಂದು ಸೇರುವ ಕಡೆ ಮೊಣಕಾಲುದ್ದ ನೀರು. ಅಲ್ಲಿ ತುಂಬ ಜೊಂಡು. ಜಿಗಣೆ, ಸೊಳ್ಳೆ, ಕೆಸರಿನ ನಾತ. ಹರಿಗೋಲು ಹೋಗದು, ಬಲೆ ಬೀಸಿದರೆ ಹರಿಯುವುದು. ಹೊಸ ಮಳೆಯ ಕೆಂಪು ನೀರು ಬಂದಾಗ ಮೀನುಗಳು ಆ ಜೊಂಡಿಗೆ ನುಗ್ಗಿ ಮೊಟ್ಟೆಯಿಡುತ್ತಿದ್ದವು. ಮರಿಗಳು ನಾಲ್ಕು ಬೆರಳಿನಷ್ಟಾಗುವವರೆಗೆ ಅಲ್ಲೇ ಅಡಗಿ ಬೆಳೆದು, ಆಮೇಲೆ ಆಳಕ್ಕೆ ಇಳಿಯುತ್ತಿದ್ದವು. ಒಬ್ಬಳು ಮುದುಕಿ ಮಾತ್ರ ಬುಟ್ಟಿ ಹಿಡಿದು ಆ ಜೊಂಡಿನಲ್ಲಿ ಸೀಗಡಿ ಗೋರಿಕೊಂಡು ಬದುಕುತ್ತಿದ್ದಳು.

ಊರಿಗೊಬ್ಬ ಯಜಮಾನನಿದ್ದ. ಶಿಸ್ತಿನ ಮನುಷ್ಯ. ಶಿಸ್ತಿನವರು ಎಂದರೆ ನನಗೆ ಈಗೀಗ ಭಯ, ಮುರಿಗೆಯ್ಯ. ಅವನು ಒಂದು ದಿನ ಜೊಂಡಿನ ಮುಂದೆ ನಿಂತು ಮೂಗು ಮುಚ್ಚಿಕೊಂಡು ಹೇಳಿದ: "ಇಲ್ಲಿಂದ ಹಿಡಿಯುವಂಥ ಒಂದು ಮೀನು ಬಂದದ್ದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಈ ಹೊಲಸಿಗೆ ಇಷ್ಟು ಜಾಗ ಯಾಕೆ?"

ಊರೆಲ್ಲ ಹೌದು ಹೌದು ಎಂದಿತು. ಅಡ್ಡಲಾಗಿ ಒಡ್ಡು ಹಾಕಿದರು. ಹಳ್ಳವನ್ನು ಪಕ್ಕಕ್ಕೆ ತಿರುಗಿಸಿ, ತಳಕ್ಕೆ ಕಲ್ಲು ಕಟ್ಟಿ, ನೀರು ನೇರವಾಗಿ ಆಳಕ್ಕೆ ಬೀಳುವಂತೆ ಮಾಡಿದರು. ಜೊಂಡು ಕಿತ್ತು ಬತ್ತ ಹಾಕಿದರು. ಮುದುಕಿಯ ಬುಟ್ಟಿ ಮೂಲೆ ಸೇರಿತು. ಅವಳು ಬಲೆ ಹೆಣೆಯಲು ಕೂತಳು.

ಆ ವರ್ಷ ಕಂಬದ ಮೇಲಿನ ಗೆರೆ ಎರಡು ಬೆರಳು ಮೇಲೇರಿತು. ಯಜಮಾನ ಮೀಸೆ ತಿರುವಿದ.

ಮರುವರ್ಷ ಮತ್ತೆ ಮೂರು ಬೆರಳು. ಮೇವಿಗೆ ಪೈಪೋಟಿ ಮಾಡುವ ಚಿಕ್ಕವು ಇಲ್ಲ, ಇದ್ದ ಮೀನು ಹೊಟ್ಟೆ ತುಂಬ ತಿಂದು ದಪ್ಪವಾದವು. ಬಲೆಗೆ ಬಿದ್ದದ್ದೆಲ್ಲ ದೊಡ್ಡದೇ. ಸಂತೆಯಲ್ಲಿ ಜನ ಮುತ್ತಿಕೊಂಡರು. ಇಂಥ ಮೀನು ನಮ್ಮಪ್ಪನೂ ನೋಡಿರಲಿಲ್ಲ, ನಮ್ಮಜ್ಜನೂ ನೋಡಿರಲಿಲ್ಲ ಎಂದು ಊರವರು ಬೀಗಿದ್ದೇ ಬೀಗಿದ್ದು. ಹಾಳಾದವರು!

ಮೂರನೆಯ ವರ್ಷ ಗೆರೆ ಎಳೆಯುವ ದಿನ ಮುದುಕಿ ಎದ್ದು ನಿಂತು ಕೇಳಿದಳು: "ಯಜಮಾನ, ಅಂಗೈಯಗಲದ ಮೀನು ನೋಡಿ ಎಷ್ಟು ದಿನ ಆಯಿತು?"

ಯಜಮಾನ ನಕ್ಕ. "ಅಜ್ಜೀ, ನಮ್ಮ ಬಲೆಯ ಕಣ್ಣಲ್ಲಿ ನಾಲ್ಕು ಬೆರಳು ತೂರುತ್ತವೆ. ಚಿಕ್ಕದು ಅದರಲ್ಲಿ ನಿಲ್ಲುವುದುಂಟೇ? ನಿಂತರೆ ನಮ್ಮ ಕಟ್ಟಳೆ ಕೆಟ್ಟಿತು ಎಂದರ್ಥ."

"ಬಲೆಗೆ ಸಿಗದಿದ್ದರೆ ಬೇಡ. ದಡದಲ್ಲಿ ಕಾಲು ಇಳಿಬಿಟ್ಟರೆ ಕಚ್ಚಲು ಬರುತ್ತಿದ್ದವಲ್ಲ ಮರಿಗಳು, ಅವೆಲ್ಲಿ? ಒಂದು ತಾಯಿಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕಪ್ಪೆ ತಿನ್ನುತ್ತದೆ, ಕೊಕ್ಕರೆ ತಿನ್ನುತ್ತದೆ, ದೊಡ್ಡ ಮೀನೇ ತಿನ್ನುತ್ತದೆ. ಉಳಿಯುವುದು ಹತ್ತೋ ಹನ್ನೆರಡೋ. ಅಷ್ಟಾದರೂ ಉಳಿಯುತ್ತಿದ್ದದ್ದು ಜೊಂಡಿನ ಮರೆಯಿಂದ. ನೀವು ಹಿಡಿಯುತ್ತಿರುವುದು ಒಡ್ಡು ಹಾಕುವ ಮೊದಲು ಹುಟ್ಟಿದ ಮೀನು. ಅವು ತೀರಿದ ಮೇಲೆ?"

"ಕಂಬ ನೋಡು ಅಜ್ಜೀ," ಎಂದ ಯಜಮಾನ. "ಗೆರೆ ಸುಳ್ಳು ಹೇಳುತ್ತದೆಯೇ?"

ಊರೆಲ್ಲ ನಕ್ಕಿತು. ಮುದುಕಿ ಕೂತಳು. ನನಗೆ ಈ ಜಾಗಕ್ಕೆ ಬಂದಾಗಲೆಲ್ಲ ಮೈ ಉರಿಯುತ್ತದೆ. ಒಡ್ಡು ಒಡೆಯಲು ಆವತ್ತು ಒಂದು ಹಗಲಿನ ಕೆಲಸ ಸಾಕಾಗಿತ್ತು. ಕೆರೆಯಲ್ಲಿ ಇನ್ನೂ ತಾಯಿಮೀನುಗಳಿದ್ದವು. ನಲವತ್ತು ಮನೆಯ ಅನ್ನ ಆ ಒಂದು ಹಗಲಿನ ಮೇಲೆ ನಿಂತಿತ್ತು, ಅವರು ನಗುತ್ತ ಕೂತರು.

ನಾಲ್ಕನೆಯ ವರ್ಷ ಹತ್ತು ಸಲ ಬೀಸಿದರೆ ಒಂದು ಮೀನು. ಆದರೆ ಎಂಥ ಮೀನು! ಗೆರೆ ಮತ್ತೆ ಮೇಲೆ ಹೋಯಿತು. ಐದನೆಯ ವರ್ಷ ವಾರವಿಡೀ ಬೀಸಿದರೆ ಒಂದು. ಮೀನು ಜಾಣವಾಗಿವೆ, ಆಳಕ್ಕೆ ಇಳಿದಿವೆ ಎಂದು ಯಜಮಾನ ಸಮಾಧಾನ ಹೇಳಿದ. ಉದ್ದ ಬಲೆ ಹೆಣೆಸಿದ. ಕೊಕ್ಕರೆ ಓಡಿಸಲು ಆಳು ನಿಲ್ಲಿಸಿದ. ಒಡ್ಡಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಆರನೆಯ ವರ್ಷ ನಲವತ್ತು ಹರಿಗೋಲುಗಳೂ ಸೇರಿ ಕೆರೆಯನ್ನೆಲ್ಲ ಜಾಲಾಡಿ ಒಂದೇ ಒಂದು ಮೀನು ತಂದವು. ಇಬ್ಬರು ಎತ್ತಬೇಕಾಯಿತು. ಕಂಬಕ್ಕೆ ಆನಿಸಿದರೆ ಮೂತಿ ಕಂಬದ ತುದಿ ಮುಟ್ಟಿತು. ಯಜಮಾನ ತಾನೇ ಏಣಿ ಹತ್ತಿ ಗೆರೆ ಎಳೆದ, ರುಮಾಲನ್ನು ತಾನೇ ಸುತ್ತಿಕೊಂಡ. ಡೋಲು ಬಡಿದರು.

ಹೊಟ್ಟೆ ಸೀಳಿದಾಗ ಒಳಗೆ ಬರೀ ಮೊಟ್ಟೆ. ಎರಡು ಬುಟ್ಟಿ ತುಂಬುವಷ್ಟು. ಇಡಲು ಜಾಗ ಸಿಗದೆ ಆ ತಾಯಿ ಅದನ್ನು ಹೊತ್ತುಕೊಂಡೇ ತಿರುಗಿತ್ತು. ಡೋಲು ನಿಂತಿತು. ಮುದುಕಿ ಬುಟ್ಟಿಗಳನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆಗ ಯಜಮಾನನಿಗೆ ಅರ್ಥವಾಯಿತು. ರುಮಾಲು ಎಸೆದು, ಹಾರೆ ಹಿಡಿದು ಓಡಿದ. ಒಡ್ಡು ಒಡೆದ. ನೀರು ನುಗ್ಗಿತು, ಒಂದೇ ಮಳೆಗಾಲದಲ್ಲಿ ಜೊಂಡು ಮತ್ತೆ ಆಳೆತ್ತರ ಬೆಳೆಯಿತು. ಜಿಗಣೆ ಬಂತು, ಸೊಳ್ಳೆ ಬಂತು. ಮೊಟ್ಟೆಯಿಡಲು ಮಾತ್ರ ಯಾರೂ ಬರಲಿಲ್ಲ. ಯಾರು ಬರಬೇಕು? ಎಲ್ಲರನ್ನೂ ಕಂಬಕ್ಕೆ ಆನಿಸಿ ಆಗಿತ್ತು.

ನಲವತ್ತು ಮನೆಯವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಹರಿಗೋಲುಗಳು ದಂಡೆಯಲ್ಲಿ ಬೋರಲು ಬಿದ್ದವು. ಕಂಬ ಇನ್ನೂ ನಿಂತಿದೆ. ತುದಿಯಲ್ಲಿ ಬೆಳ್ಳನೆಯ ಗೆರೆ.

ಸ್ವಾಮಿಗಳು ಕತೆ ನಿಲ್ಲಿಸಿದರು. ಸಿಟ್ಟು ಇಳಿದಿರಲಿಲ್ಲ.

ಮುರಿಗೆಯ್ಯ ಮೆಲ್ಲಗೆ ಕೇಳಿದ: "ಬುದ್ಧಿ, ಆ ಯಜಮಾನ ಮೂಢ. ಕಣ್ಣೆದುರಿಗೆ ಇದ್ದದ್ದು ಅವನಿಗೆ ಹೇಗೆ ಕಾಣಲಿಲ್ಲ?"

"ಮಕ್ಕಳ ಗದ್ದಲದಲ್ಲಿ ಓದಲಾಗುತ್ತಿಲ್ಲ ಎಂದು ಇಪ್ಪತ್ತೈದು ವರ್ಷದ ಹಿಂದೆ ನನ್ನ ಹತ್ತಿರ ದೂರು ತಂದವನು ನೀನು. ನೀನೂ ಏಳು ವರ್ಷದವನಾಗಿದ್ದಾಗ ಅದೇ ಕೋಣೆಯಲ್ಲಿ ಮೂಗು ಒರೆಸಿಕೊಳ್ಳುತ್ತ ಅಕ್ಷರ ತಿದ್ದಿದವನು. ಅಲ್ಲಿದ್ದ ಮಕ್ಕಳನ್ನೆಲ್ಲ ಮನೆಗೆ ಕಳಿಸಿ ಆ ಬಾಗಿಲಿಗೆ ಬೀಗ ಹಾಕಿಸಿದವನು ನಾನು. ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ." ಸ್ವಾಮಿಗಳು ಬಾಗಿಲ ಕಡೆ ನೋಡಿದರು. ಹೆಂಗಸು ಹೋದ ದಾರಿಯಲ್ಲಿ ಯಾರೂ ಇರಲಿಲ್ಲ. ಅವರು ಮತ್ತೆ ಶಿಷ್ಯನ ಕಡೆ ತಿರುಗಿದರು.

"ಈ ಮಠದಲ್ಲಿ ಎಲ್ಲರಿಗಿಂತ ಚಿಕ್ಕವನು ನೀನೇ ಅಲ್ಲವೇ, ಮುರಿಗೆಯ್ಯ? ನಿನಗೀಗ ಎಷ್ಟು ವರ್ಷ?"

"ನಲವತ್ತೆಂಟು, ಬುದ್ಧಿ," ಎಂದ ಮುರಿಗೆಯ್ಯ.