ಜೋಪಾನವಾಗಿಟ್ಟ ಕಲ್ಲು

“ಗಾಳಿಗಿಟ್ಟ ದೀಪ ಆರುತ್ತದೆ, ಗೂಡಿಗಿಟ್ಟ ದೀಪ ಉಳಿಯುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಮಾತನ್ನು ನಂಬಿ ಬೆಳೆದವನು ನಾನು. ಈಗ ಅದರ ಮೇಲೆ ಸಂಶಯ ಬಂದಿದೆ, ಗುರುಗಳೇ. ಗೂಡಿನಲ್ಲಿಟ್ಟ ದೀಪವೂ ಏಕೆ ಸಣ್ಣದಾಗುತ್ತದೆ?”

ಕೇಳಿದವನು ಶಿಷ್ಯ ಅಡಿವೆಪ್ಪ. ಎಂಟು ತಿಂಗಳ ಹಿಂದೆ ಗುರುಗಳು ಪಾಠ ಹೇಳುತ್ತಲೇ ಕುಸಿದಿದ್ದರು. ಎದೆ ದುರ್ಬಲವಾಗಿದೆ, ಆಯಾಸ ಕೂಡದು ಎಂದು ವೈದ್ಯರು ಹೇಳಿದ್ದರು. ಅಂದಿನಿಂದ ಅಡಿವೆಪ್ಪ ಅವರನ್ನು ಒಳಕೋಣೆಯಲ್ಲಿರಿಸಿ ಬಾಗಿಲಿಗೆ ಬೀಗ ಹಾಕಿದ್ದ. ಗಂಜಿಯನ್ನೂ ಮದ್ದನ್ನೂ ತಾನೇ ಕೊಡುತ್ತಿದ್ದ. ಅಂಗಳದ ಪಾಠ ನಿಂತಿತ್ತು. ಉಳಿದ ಶಿಷ್ಯರು ಸೋಮವಾರ ಮಾತ್ರ ಬಂದು, ಹೊಸ್ತಿಲಾಚೆ ನಿಂತು, ಕೈಮುಗಿದು ಹೋಗಬೇಕಿತ್ತು.

ಗುರುಗಳು ಒಂದು ದಿನವೂ ಆಕ್ಷೇಪಿಸಲಿಲ್ಲ. ಬೆಳಗ್ಗೆ ಯಾರೋ ಅಂಗಳ ಗುಡಿಸುವ ಸದ್ದು ಕೇಳಿದರೆ ತಲೆಯೆತ್ತುತ್ತಿದ್ದರು. ಸದ್ದು ನಿಂತ ಮೇಲೆ ತಗ್ಗಿಸುತ್ತಿದ್ದರು. ಊಟ ಕಡಿಮೆಯಾಗುತ್ತ ಬಂದಿತ್ತು. ಮಾತು ಅದಕ್ಕಿಂತಲೂ ಕಡಿಮೆಯಾಗಿತ್ತು.

ಅಡಿವೆಪ್ಪ ಪ್ರಶ್ನೆ ಕೇಳಿದ್ದು ಒಂದು ಸೋಮವಾರ. ಹೊಸ್ತಿಲಾಚೆ ಹತ್ತಾರು ಜನ ನಿಂತಿದ್ದರು. ಗುರುಗಳು ಗೋಡೆಗೊರಗಿ ಕುಳಿತು ಈ ಕತೆಯನ್ನು ಹೇಳಿದರು.

ಒಬ್ಬ ರಸಾಯನ ವಿಜ್ಞಾನಿ ಇದ್ದಳು. ಕಡಲಿನ ತಳದಲ್ಲಿ ಬಿಸಿನೀರು ಉಕ್ಕುವ ಬಾಯಿಗಳಿವೆ. ನೆಲದ ಬಿರುಕುಗಳಲ್ಲಿ ಇಳಿದ ನೀರು ಕೆಳಗಿನ ಬೆಂಕಿಗೆ ಕಾಯ್ದು, ಬಂಡೆಯೊಳಗಿನ ಲೋಹಗಳನ್ನು ಕರಗಿಸಿಕೊಂಡು, ಅಲ್ಲಿಂದ ಮೇಲೇಳುತ್ತದೆ. ಅಂಥ ಒಂದು ಬಾಯಿಯನ್ನು ಹುಡುಕುವುದು ಅವಳ ಕೆಲಸ. ಅಲ್ಲಿಗೆ ಬಿಸಿಲು ಇಳಿಯುವುದಿಲ್ಲ. ಉಪಕರಣವನ್ನು ಆಳಕ್ಕೆ ಇಳಿಬಿಟ್ಟು, ನೀರು ಎಲ್ಲಿ ಕೂದಲೆಳೆಯಷ್ಟು ಬೆಚ್ಚಗಿದೆ, ಎಲ್ಲಿ ತುಸು ಕದಡಿದೆ ಎಂದು ನೋಡುತ್ತ ಹೋಗಬೇಕು. ಏಳು ವರ್ಷಗಳಲ್ಲಿ ನಾಲ್ಕು ಯಾನಗಳು ಬರಿಗೈಯಲ್ಲಿ ಮುಗಿದವು. ಜೊತೆಗಿದ್ದವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಉಪಕರಣದ ಪರದೆಯ ಮುಂದೆ ಅವಳೊಬ್ಬಳು ಉಳಿದಳು.

ಐದನೆಯ ಯಾನದಲ್ಲಿ, ನೀರಿನ ಬಿಸಿಯನ್ನು ತೋರಿಸುವ ಪರದೆಯ ಗೆರೆ ಅಲುಗಿತು. ಆಳಕ್ಕೆ ಒಂದು ಯಂತ್ರವನ್ನು ಇಳಿಸಿದರು. ಅದರ ದೀಪದ ಬೆಳಕಿನಲ್ಲಿ ಬಿಳಿಯ ಕಲ್ಲಿನ ಹೊಗೆಕೊಳವೆಯೊಂದು ಕಂಡಿತು. ತುದಿಯಿಂದ ಕಪ್ಪು ನೀರು ಹೊಗೆಯಂತೆ ಏಳುತ್ತಿತ್ತು. ನೋಡುವವರಿಲ್ಲದ ಕತ್ತಲೆಯಲ್ಲಿ ಅದು ಎಂದಿನಿಂದ ಹಾಗೆ ನಿಂತಿತ್ತೋ ತಿಳಿಯದು. ಯಂತ್ರದ ಕೈ ಅದರ ಒಂದು ತುಂಡನ್ನು ಮುರಿದು ತಂದಿತು. ಮರುದಿನ ಕಡಲು ಕೆಟ್ಟಿತು. ಯಂತ್ರವನ್ನು ಮತ್ತೆ ಇಳಿಸಲಾಗಲಿಲ್ಲ. ಏಳು ವರ್ಷಗಳಿಗೆ ಅವಳ ಕೈ ಸೇರಿದ್ದು ಅಂಗೈಯಗಲದ ಆ ತೆಳುವಾದ ತುಂಡೊಂದೇ.

ಹಡಗಿನಲ್ಲಿ ಮಾದರಿಗಳನ್ನು ಕಾಯುವವನೊಬ್ಬನಿದ್ದ. ಕಡಲಾಳದ ಹುಳುಗಳನ್ನೂ ಸಿಗಡಿಗಳನ್ನೂ ಅವುಗಳದೇ ನೀರಿನಲ್ಲಿ, ಅವುಗಳದೇ ಕತ್ತಲೆಯಲ್ಲಿ ಬದುಕಿಸಿ ದಡಕ್ಕೆ ತಂದವನು. ಅವಳು ತುಂಡನ್ನು ಅವನ ಕೈಗಿತ್ತಳು.

“ಜೋಪಾನವಪ್ಪ. ಇದು ಹೋದರೆ ನನ್ನ ಬಳಿ ಇನ್ನೇನೂ ಇಲ್ಲ.”

“ನನ್ನ ಜೀವ ಹೋದರೂ ಇದು ಹೋಗದು, ಅಮ್ಮಾ.”

ಅವನು ಅದನ್ನು ಗಾಜಿನ ತೊಟ್ಟಿಯಲ್ಲಿಟ್ಟ. ತಂಪಾದ ಕಡಲ ನೀರು ತುಂಬಿದ. ಬೆಳಕು ತಾಗಬಾರದೆಂದು ಕಪ್ಪು ಬಟ್ಟೆ ಹೊದಿಸಿದ. ಶೀತಕೋಣೆಯ ಬಾಗಿಲು ಹಾಕಿದ. ದಿನಕ್ಕೊಮ್ಮೆ ಕತ್ತಲೆಯಲ್ಲೇ ಹಳೆಯ ನೀರನ್ನು ಬಸಿದು ಹೊಸ ನೀರು ತುಂಬುತ್ತಿದ್ದ. ಹಡಗಿನ ಅಡುಗೆಯವನು ಅವನನ್ನು ಕಂಡಾಗಲೆಲ್ಲ, “ಏನು ಪೂಜಾರಪ್ಪ, ಇವತ್ತಿನ ಅಭಿಷೇಕ ಆಯಿತೇ? ಒಂದು ಉದ್ಧರಣೆ ತೀರ್ಥ ನಮ್ಮ ಕಡೆಗೂ ಬರಲಿ,” ಎಂದು ನಗುತ್ತಿದ್ದ.

ವಿಜ್ಞಾನಿ ಎರಡು ಸಲ ನೋಡಲು ಬಂದಳು. “ಬಾಗಿಲು ತೆರೆದರೆ ತಂಪು ಹೋಗುತ್ತದೆ ಅಮ್ಮಾ, ದಡ ಸೇರಲಿ,” ಎಂದ ಅವನು. ಅವನನ್ನು ನಂಬಿದ್ದಳು. ಹೇಗಿಟ್ಟಿರುವೆ ಎಂದು ಕೇಳದೆ ಹಿಂತಿರುಗಿದಳು.

ನಲವತ್ತನೆಯ ದಿನ ಹಡಗು ದಡ ಸೇರಿತು. ಬಟ್ಟೆಯನ್ನು ಸರಿಸಿದರು. ತೊಟ್ಟಿಯಲ್ಲಿ ತಿಳಿನೀರಿತ್ತು. ತಳದಲ್ಲಿ ಚಿಟಿಕೆಯಷ್ಟು ಕಪ್ಪು ಪುಡಿ ಇತ್ತು. ಕಲ್ಲು ಇರಲಿಲ್ಲ.

“ಅದರ ತವರಿನ ನೀರನ್ನೇ ಕೊಟ್ಟೆನಮ್ಮಾ,” ಎನ್ನುತ್ತ ಅವನು ನೆಲಕ್ಕೆ ಕುಸಿದ. “ಒಂದು ದಿನವೂ ತಪ್ಪಿಸಲಿಲ್ಲ.”

ಅವಳು ಬಾಗಿ ಆ ನೀರನ್ನು ನೋಡಿದಳು. ಅವನನ್ನು ಬಯ್ಯಲಿಲ್ಲ.

“ಬಿಸಿನೀರಿನಲ್ಲಿ ಬೇಗ ಕರಗುವ ಅಡುಗೆಯ ಉಪ್ಪಿನ ಗುಣ ಇದಕ್ಕಿಲ್ಲವಪ್ಪ. ಕಡಲ ನೀರಿನೊಳಗಿನ ಸುಣ್ಣವೂ ಗಂಧಕವೂ ಬಿಸಿ ತಾಗಿದಲ್ಲಿ ಕೂಡಿಕೊಂಡು ಈ ಕಲ್ಲಾಗುತ್ತವೆ. ತಣ್ಣಗಾದರೆ ಮತ್ತೆ ಕರಗುತ್ತವೆ. ಒಳಗೆ ಬಿಸಿ ಹರಿಯುವವರೆಗೆ ಗೋಡೆ ನಿಲ್ಲುತ್ತದೆ. ಹರಿವು ನಿಂತ ದಿನದಿಂದ ಸುತ್ತಲಿನ ಕಡಲೇ ಅದನ್ನು ತಿನ್ನುತ್ತದೆ. ನಿನ್ನ ತಪ್ಪೇನಿಲ್ಲ, ಏಳು. ಜೋಪಾನ ಎಂದವಳು ನಾನು. ಹೇಗೆಂದು ಹೇಳದೆ ಉಳಿದವಳೂ ನಾನೇ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಸುಧಾರಿಸಿಕೊಂಡರು. ಎಂಟು ತಿಂಗಳಲ್ಲಿ ಅವರು ಇಷ್ಟು ಮಾತನಾಡಿದ್ದು ಅದೇ ಮೊದಲು.

“ಆಕೆ ಯಾರು, ಗುರುಗಳೇ?” ಎಂದು ಹೊಸ್ತಿಲಾಚೆಯಿಂದ ಒಬ್ಬರು ಕೇಳಿದರು.

“ಹೆಸರು ಕೇಳಲಿಲ್ಲ. ಅಂಗಳದಲ್ಲಿ ಪಾಠ ನಡೆಯುತ್ತಿದ್ದ ಕಾಲದಲ್ಲಿ ಒಂದು ಸಂಜೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಎಲ್ಲರೂ ಎದ್ದು ಹೋದ ಮೇಲೆ ಇದನ್ನು ಹೇಳಿದಳು.”

ಅಡಿವೆಪ್ಪನ ಕಣ್ಣು ತುಂಬಿತ್ತು. “ಪಾಠಕ್ಕೆ ಕುಳಿತರೆ ನೀವು ಒಂದು ವರ್ಷವೂ ತಾಳಲಾರಿರಿ ಎಂದಿದ್ದಾರೆ ವೈದ್ಯರು. ನೀವು ಹೋದರೆ ನಾನು ಯಾರ ಬಳಿ ಇರಲಿ?”

ಗುರುಗಳು ಗೋಡೆಯನ್ನು ಹಿಡಿದು ತಾವೇ ಎದ್ದು ನಿಂತರು. ಅವನ ತಲೆಯ ಮೇಲೆ ಕೈಯಿಟ್ಟರು. ಬಳಿಕ ಹೊಸ್ತಿಲಾಚೆಯ ಎಲ್ಲರಿಗೂ ಕೇಳುವಂತೆ ಹೇಳಿದರು:

“ನಾಳೆ ಬೆಳಗಿನಿಂದ ಪಾಠ ಅಂಗಳದಲ್ಲಿ ನಡೆಯುತ್ತದೆ, ಬೀಗದ ಕೈ ಇತ್ತ ಕೊಡು, ಅಡಿವೆಪ್ಪಾ.”